ಟೌರಿ 2: ವೆಬ್ ಭಾಷೆಗಳಲ್ಲೇ ಡೆಸ್ಕ್‌ಟಾಪ್ ಮತ್ತು ಮೊಬೈಲ್ ಆ್ಯಪ್

ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ದಾರಿಯನ್ನು 2013ರಲ್ಲಿ ಆರಂಭವಾದ ಎಲೆಕ್ಟ್ರಾನ್ ಎಂಬ ಚೌಕಟ್ಟು (ಫ್ರೇಮ್‌ವರ್ಕ್) ಸುಗಮಗೊಳಿಸಿತು. ಆದರೆ ಅದು ಪ್ರತಿ ಆ್ಯಪ್‌ನೊಳಗೂ ಕ್ರೋಮಿಯಂ ಬ್ರೌಸರ್ ಮತ್ತು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಎರಡನ್ನೂ ತುಂಬಿ ಕಳಿಸುವುದರಿಂದ, ಟಿಪ್ಪಣಿ ಬರೆದಿಡುವ ಪುಟ್ಟ ಆ್ಯಪ್ ಕೂಡ ಭಾರವಾಗುತ್ತದೆ. ಅದೇ ಬಗೆಯ ಇನ್ನೊಂದು ಚೌಕಟ್ಟಾದ ಟೌರಿ ಈ ಹೊರೆಯನ್ನೇ ಇಳಿಸಿದೆ. ಅದು ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಡಬ್ಲ್ಯುಕೆವೆಬ್‌ವ್ಯೂ, ಲಿನಕ್ಸ್‌ನಲ್ಲಿ ವೆಬ್‌ಕಿಟ್‌ಜಿಟಿಕೆ ಎಂಬಂತೆ ವೆಬ್ ಪುಟ ತೋರಿಸಲು ಆಯಾ ವ್ಯವಸ್ಥೆಯಲ್ಲಿರುವ ಎಂಜಿನ್ನನ್ನೇ ಬಳಸಿಕೊಳ್ಳುವುದರಿಂದ, ಸರಳ ಆ್ಯಪ್ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಅದರ ಅನುಮತಿ ವ್ಯವಸ್ಥೆ. ಕಡತ ಓದುವುದಿರಲಿ, ಅಧಿಸೂಚನೆ ತೋರಿಸುವುದಿರಲಿ, ಯಾವ ಕಿಟಕಿಗೆ ಯಾವ ಅಧಿಕಾರವಿದೆ ಎಂಬುದನ್ನು ಕೇಪಬಿಲಿಟೀಸ್ ಫೋಲ್ಡರ್‌ನ ಜೇಸನ್ (JSON) ಎಂಬ ಪಠ್ಯರೂಪದ ಕಡತದಲ್ಲಿ ಬರೆದಿಡಬೇಕು. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ಆ ಕೆಲಸಕ್ಕಾಗಿ ಆ್ಯಪ್ ಮಾಡುವ ಕರೆ ತಿರಸ್ಕೃತವಾಗುತ್ತದೆ. ಮೊದಮೊದಲು ಇದು ಕಿರಿಕಿರಿ ಎನಿಸಿದರೂ, ಬಳಕೆದಾರರ ಕಡತಗಳನ್ನು ಕಾಯುವ ಕೆಲಸ ಹೀಗೆಯೇ ಕಟ್ಟುನಿಟ್ಟಾಗಿರಬೇಕು. ಹಿನ್ನೆಲೆಯ ಕೆಲಸಗಳಿಗೆ ರಸ್ಟ್ ಭಾಷೆಯಿದೆ. ಸಿದ್ಧ ಪ್ಲಗಿನ್‌ಗಳು (ಸೌಲಭ್ಯ ಜೋಡಿಸುವ ತುಣುಕುಗಳು) ಸಾಕಾಗುವವರೆಗೆ ಅದನ್ನು ಹೆಚ್ಚು ಮುಟ್ಟಬೇಕಾಗಿಲ್ಲ.

ಎಂಜಿನ್ ಬೇರೆಬೇರೆಯಾದ್ದರಿಂದ ಒಂದೇ ಸಿಎಸ್‌ಎಸ್ ಎಲ್ಲೆಡೆ ಒಂದೇ ರೀತಿ ಕಾಣುತ್ತದೆಂದು ನಂಬುವಂತಿಲ್ಲ, ಮೂರೂ ವ್ಯವಸ್ಥೆಗಳಲ್ಲಿ ಪರೀಕ್ಷಿಸಲೇಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ಆವೃತ್ತಿಯಿಂದ ಆಂಡ್ರಾಯ್ಡ್ ಮತ್ತು ಐಒಎಸ್ ಕೂಡ ಸೇರಿವೆ, ಆದರೆ ಐಒಎಸ್‌ಗೆ ಬಿಲ್ಡ್ ಮಾಡಲು ಮ್ಯಾಕ್ ಮತ್ತು ಆ್ಯಪ್ ತಯಾರಿಸುವ ಆಪಲ್‌ನ ತಂತ್ರಾಂಶ ಎಕ್ಸ್‌ಕೋಡ್ ಬೇಕೇ ಬೇಕು. ಕ್ಯಾಮೆರಾ, ಬ್ಲೂಟೂತ್‌ಗಳನ್ನೇ ನೆಚ್ಚಿದ ಮೊಬೈಲ್ ಆ್ಯಪ್‌ಗೆ ನಾನು ಇದನ್ನು ಇನ್ನೂ ಆರಿಸಲಾರೆ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮಾತ್ರ ನನ್ನ ಮೊದಲ ಆಯ್ಕೆ ಇದೇ.