ಬೆರಳಚ್ಚು, ನಾಲ್ಕಕ್ಷರ, ಅರವತ್ತು ಪ್ರಶ್ನೆ: ಮಗಳಿಗೆ ಮಾಡಿಸಿದ ಮೂರು ಪರೀಕ್ಷೆ

ಮಗಳು ಈಗ ಹತ್ತನೇ ತರಗತಿ. ಮುಂದೆ ಸೈನ್ಸಾ, ಕಾಮರ್ಸಾ ಎಂಬ ಮಾತು ರಾಯಚೂರಿನ ನಮ್ಮ ಮನೆಯಲ್ಲಿ ದಿನಾ ಏಳುತ್ತಿತ್ತು. ಅವಳನ್ನೇ ಕೇಳಿದರೆ "ಗೊತ್ತಿಲ್ಲವ್ವಾ" ಎನ್ನುತ್ತಿದ್ದಳು. ಅದಕ್ಕೇ ಮೂರು ಬಗೆಯ ಪರೀಕ್ಷೆ ಮಾಡಿಸಿ ನೋಡಿದೆ.

ಮೊದಲನೆಯದು ಬೆರಳಚ್ಚಿನದು, ಡಿಎಂಐಟಿ ಅಂತಾರೆ. ಒಂದು ಸೆಂಟರ್‌ನಲ್ಲಿ ಹತ್ತೂ ಬೆರಳು ಸ್ಕ್ಯಾನ್ ಮಾಡಿ, 4,000 ರೂಪಾಯಿ ತಗೊಂಡು, "ಇವಳು ಡಾಕ್ಟರ್ ಆಗೋಳು" ಎಂದರು. ಮಗಳಿಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ. ಅದನ್ನು ನೋಡಿ ಮಕ್ಕಳ ಬುದ್ಧಿ, ಆಸಕ್ತಿ ಹೇಳಬಹುದು ಅನ್ನೋದಕ್ಕೆ ವಿಜ್ಞಾನದ ಆಧಾರವೇ ಇಲ್ಲ. ದಯವಿಟ್ಟು ಯಾರೂ ಇದಕ್ಕೆ ದುಡ್ಡು ಹಾಕಬೇಡಿ.

ಎರಡನೆಯದು ಎಂಬಿಟಿಐ ಮಾದರಿಯದು. ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಕ್ಕಿತು. ಸ್ವಭಾವವನ್ನು 16 ಬಗೆಯಾಗಿ ವಿಂಗಡಿಸಿ ನಾಲ್ಕು ಅಕ್ಷರ ಕೊಡುತ್ತದೆ. ಓದಿ ಮಗಳು ಖುಷಿಪಟ್ಟಳು. ಜಾಸ್ತಿ ಜನರ ನಡುವೆ ಇದ್ದರೆ ಸುಸ್ತಾಗುತ್ತದೆ ಎಂದು ಮೊದಲ ಸಲ ನನ್ನ ಹತ್ತಿರ ಬಾಯಿಬಿಟ್ಟಳು. ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಐದು ವಾರ ಬಿಟ್ಟು ಮತ್ತೆ ಮಾಡಿದಾಗ ಮೊದಲ ಅಕ್ಷರವೇ ಬದಲಾಗಿತ್ತು! ಅಂತರ್ಮುಖಿ, ಬಹಿರ್ಮುಖಿ ಎಂದು ನಟ್ಟನಡುವೆ ಗೆರೆ ಎಳೆಯುತ್ತಾರಲ್ಲ, ಗೆರೆಯ ಹತ್ತಿರ ಇರುವ ಮಕ್ಕಳು ಸ್ವಲ್ಪದರಲ್ಲೇ ಆಚೆ ಈಚೆ ಆಗುತ್ತಾರೆ. ಅಷ್ಟರೊಳಗೆ ಇವಳು "ನಾನು ಇಂಟ್ರೋವರ್ಟ್, ಟೀಚರ್ ಕೆಲಸ ನನಗಾಗಲ್ಲ" ಅನ್ನೋಕೆ ಶುರು ಮಾಡಿದ್ದಳು. ನನಗೆ ಭಯವಾಗಿದ್ದು ಅದಕ್ಕೆ.

ಮೂರನೆಯದು ಅಮೆರಿಕದ ಕಾರ್ಮಿಕ ಇಲಾಖೆಯ ಓನೆಟ್ ಆಸಕ್ತಿ ಪಟ್ಟಿ. ಇದೂ ಉಚಿತ, 60 ಪ್ರಶ್ನೆ. ಜಾನ್ ಹಾಲೆಂಡ್ ಎಂಬ ಮನೋವಿಜ್ಞಾನಿ ಹೇಳಿದ ಆರು ಬಗೆಯ ಆಸಕ್ತಿ ಇದರ ತಳಹದಿ: ಕೈಕೆಲಸ, ಹುಡುಕಾಟ, ಕಲೆ, ಜನರಿಗೆ ನೆರವಾಗುವುದು, ವ್ಯಾಪಾರ-ಮುಂದಾಳತನ, ಅಚ್ಚುಕಟ್ಟಿನ ಲೆಕ್ಕಪತ್ರ. "ನೀನು ಎಂಥವಳು" ಎಂದು ಇದು ಕೇಳುವುದಿಲ್ಲ. ಇಟ್ಟಿಗೆ ಜೋಡಿಸೋದು ಇಷ್ಟವಾ? ಹೊಸ ಔಷಧಿ ಕಂಡುಹಿಡಿಯೋದು? ನೀರಿನ ಮಾಲಿನ್ಯ ಕಡಿಮೆ ಮಾಡುವ ದಾರಿ ಹುಡುಕೋದು? ಹೀಗೆ ಒಂದೊಂದೇ ಕೆಲಸ ಹಿಡಿದು ಕೇಳುತ್ತದೆ. ಇಂಗ್ಲಿಷಿನಲ್ಲಿದ್ದದ್ದರಿಂದ ನಾನು ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಆ ಸಂಜೆ ಅವಳು ಆಡಿದಷ್ಟು ಮಾತು ವರ್ಷದಲ್ಲೇ ಆಡಿರಲಿಲ್ಲ.

ಕೈಕೆಲಸ, ಹುಡುಕಾಟ ಎರಡೂ ಮೇಲೆ ಬಂದವು. ಕೊನೆಗೆ ತೋರಿಸುವ ಉದ್ಯೋಗದ ಪಟ್ಟಿ ಮಾತ್ರ ಅಮೆರಿಕದ್ದು, ನಮಗೆ ಅರ್ಧಕ್ಕರ್ಧ ಬೇಡ. ಅದನ್ನು ಬದಿಗಿಟ್ಟು ನಮ್ಮ ಜಿಲ್ಲೆಯಲ್ಲೇ ಹುಡುಕಿದೆವು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಇಲ್ಲೇ ಇರುವ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್. ಕೃಷಿ ಮೇಳಕ್ಕೆ ಕರ್ಕೊಂಡು ಹೋದರೆ ಯಂತ್ರಗಳ ಮುಂದೆ ಒಂದು ಗಂಟೆ ನಿಂತಳು. ಮನೆಗೆ ಬರೋದನ್ನೇ ಮರೆತಿದ್ದಳು.

ಒಂದು ಎಚ್ಚರ. ಆಸಕ್ತಿ ಬೇರೆ, ಸಾಮರ್ಥ್ಯ ಬೇರೆ. ಈ ಪಟ್ಟಿ ಅವಳ ಗಣಿತ ಎಷ್ಟು ಗಟ್ಟಿ ಎಂದು ಹೇಳುವುದಿಲ್ಲ, ಅದನ್ನು ಶಾಲೆಯ ಮೇಷ್ಟ್ರನ್ನೇ ಕೇಳಬೇಕು. ಸೀಟಿನ ಲೆಕ್ಕ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371 ಜೆ ವಿಧಿಯಡಿ ಇರುವ ಮೀಸಲಾತಿ, ಇವೂ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ.

ಸದ್ಯಕ್ಕೆ ಪಿಯುಸಿಯಲ್ಲಿ ಸೈನ್ಸ್ ಎಂದು ಅವಳೇ ಹೇಳಿದ್ದಾಳೆ. ಮುಂದಿನ ವರ್ಷ ಅದೇ ಅರವತ್ತು ಪ್ರಶ್ನೆಗೆ ಮತ್ತೆ ಕೂರುತ್ತೇವೆ.