ಗ್ಯಾಸ್ ಗೀಸರ್ ಹಾಕಿಸುವ ಮೊದಲು ನಿಮ್ಮ ಬಚ್ಚಲಿನ ಕಿಟಕಿ ನೋಡಿ

ಪುಣೆಯಲ್ಲಿ ಚಳಿ ಶುರುವಾಯಿತು. ಹಳೇ ಗೀಸರ್ ಕೆಟ್ಟು, ಹೊಸದಕ್ಕೆ ಅಂಗಡಿ ಸುತ್ತುತ್ತಿರುವವರು ನಮ್ಮ ಕನ್ನಡದವರಲ್ಲೂ ಜಾಸ್ತಿ ಇದ್ದಾರೆ. ಕಳೆದ ಡಿಸೆಂಬರಿನಲ್ಲಿ ನಾವೂ ಹಾಗೇ ಸುತ್ತಿದ್ದೆವು. ಸುಮ್ನೆ ಹೆದರಿಸಲು ಬರೆಯುತ್ತಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮದು ಸಹಕಾರನಗರದ ಹಳೇ ಮನೆ. ಮಾವನವರು ಧಾರವಾಡದಿಂದ ಕೆಲಸಕ್ಕೆಂದು ಬಂದು 1974ರಲ್ಲಿ ಕಟ್ಟಿಸಿದ್ದು. ಬಚ್ಚಲಲ್ಲಿ ಆಗ ತಾಮ್ರದ ಬಂಬ್ ಇತ್ತಂತೆ. ನೋಡಿದವರಿಗೆ ಗೊತ್ತಿರುತ್ತದೆ: ನಡುವೆ ಕೊಳವೆ, ಅದರೊಳಗೆ ಕಟ್ಟಿಗೆ ಬೆಂಕಿ, ಸುತ್ತ ನೀರು. ಹೊಗೆ ಹೋಗಲಿ ಎಂದು ಗೋಡೆಯ ಮೇಲ್ಗಡೆ ಒಂದು ಸಿಮೆಂಟ್ ಜಾಳಿ ಬಿಟ್ಟಿದ್ದರು. ಬಂಬ್ ಹೋಗಿ ಕರೆಂಟಿನ ಗೀಸರ್ ಬಂತು. ಜಾಳಿ ಹಾಗೇ ಉಳಿಯಿತು, ಪಾರಿವಾಳಗಳು ಸಂಸಾರ ಹೂಡಿದವು. ಎರಡು ವರ್ಷದ ಹಿಂದೆ ಟೈಲ್ಸ್ ಹಾಕಿಸುವಾಗ ನಾನೇ ಮುಂದೆ ನಿಂತು ಆ ಜಾಳಿಗೆ ಅಕ್ರಿಲಿಕ್ ಶೀಟು ಬಡಿಸಿ, ಸುತ್ತ ಸಿಲಿಕಾನ್ ಹಚ್ಚಿಸಿದೆ. ಚಳಿಗಾಳಿಯೂ ನಿಂತಿತು ಎಂದು ಖುಷಿಪಟ್ಟಿದ್ದೆ.

ಹಳೇ ಗೀಸರಿನ ಟ್ಯಾಂಕು ತುಕ್ಕು ಹಿಡಿದು ಸೋರತೊಡಗಿದಾಗ ಮೂರು ದಾರಿ ನೋಡಿದೆವು. ಎಲೆಕ್ಟ್ರಿಷಿಯನ್ ಬಂದು, ಬಚ್ಚಲಿನ ವೈರು ತೆಳ್ಳಗಿದೆ, ಅರ್ಥಿಂಗ್ ಇಲ್ಲವೇ ಇಲ್ಲ, ಮೀಟರಿನಿಂದಲೇ ಹೊಸ ಲೈನು ಎಳೆಯಬೇಕು ಎಂದ. ಗೋಡೆ ಒಡೆಯುವ ಮಾತು ಕೇಳಿ ಅತ್ತೆ ಮುಖ ಸಿಂಡರಿಸಿದರು. ಸೋಲಾರ್ ಅಂದರೆ ನಮ್ಮಲ್ಲಿ ಬೋರಿನ ಗಡಸು ನೀರು, ನಲ್ಲಿ ಬಾಯಿಗೆಲ್ಲ ಬಿಳೀ ಸುಣ್ಣ ಕಟ್ಟುತ್ತದೆ. ಪಕ್ಕದ ಮನೆಯವರ ಸೋಲಾರಿನ ತಾಮ್ರದ ಕೊಳವೆಗಳು ಅದರಿಂದಲೇ ಕಟ್ಟಿಕೊಂಡಿದ್ದವು. ಮಳೆಗಾಲಕ್ಕೆ ಹೇಗಿದ್ದರೂ ಬೇರೆ ವ್ಯವಸ್ಥೆ ಬೇಕು. ಕೊನೆಗೆ ಅಂಗಡಿಯವನು ತೋರಿಸಿದ್ದು ಗ್ಯಾಸ್ ಗೀಸರ್. ವೈರು ಬೇಡ, ಟ್ಯಾಂಕು ಬೇಡ, ಎರಡು ದಪ್ಪ ಸೆಲ್ ಹಾಕಿದರೆ ಸಾಕು. ಬೆಲೆಯೂ ಕಡಿಮೆ. ನಾವು ಬಿದ್ದದ್ದು ಅಲ್ಲೇ.

ಕೂರಿಸಲು ಬಂದ ಹುಡುಗ ಸಿಲಿಂಡರನ್ನು ಹಿಂದಿನ ಪ್ಯಾಸೇಜಿನಲ್ಲಿಟ್ಟು, ಗೋಡೆ ಕೊರೆದು, ಗೀಸರನ್ನು ಬಚ್ಚಲೊಳಗೇ ನೇತುಹಾಕಿದ. "ಒಳಗಿಟ್ಟರೆ ನಡೆಯುತ್ತಾ?" ಎಂದು ನಾನು ಕೇಳಿದ್ದು ನಿಜ. "ಟೆನ್ಶನ್ ಘೇಊ ನಕಾ ತಾಈ (ಟೆನ್ಶನ್ ಮಾಡ್ಕೋಬೇಡಿ ಅಕ್ಕಾ), ಇಪ್ಪತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ" ಎಂದ. ತಲೆ ಎತ್ತಿ ಜಾಳಿಯ ಕಡೆ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಕೂರಿಸಬೇಕು ಎಂದು ಡಬ್ಬದೊಳಗಿನ ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇತ್ತು. ನಾನು ಅದನ್ನು ಓದಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಸೂಚನೆ ಸಿಕ್ಕಿರಲಿಲ್ಲ ಎನ್ನುವಂತೆಯೂ ಇಲ್ಲ. ಸ್ನಾನ ಮಾಡಿ ಬಂದ ಮಗ ಎರಡು ಸಲ "ತಲೆ ಭಾರ" ಅಂದಿದ್ದ. ಚಳಿಯಲ್ಲಿ ತಲೆ ಒರೆಸಿಕೊಳ್ಳೋದಿಲ್ಲ, ಇನ್ನೇನಾಗುತ್ತೆ ಎಂದು ಬೈದಿದ್ದೆ.

ಮೂರನೇ ವಾರದ ಭಾನುವಾರ. ಮೊದಲು ಮಗ, ಆಮೇಲೆ ನನ್ನವರು, ಕೊನೆಗೆ ಅತ್ತೆ. ಅವರದು ಎಣ್ಣೆ ಸ್ನಾನ, ನಿಧಾನ. ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ನೀರಿನ ಸದ್ದು ಕೇಳುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅನಿಸಿತು. ಸ್ನಾನ ಮಾಡುವವರ ನೀರು ತಡೆದು ತಡೆದು ಬೀಳುತ್ತದೆ, ನಡುನಡುವೆ ತಂಬಿಗೆ ಬಕೆಟ್ಟಿಗೆ ತಾಗುತ್ತದೆ. ಇದು ಒಂದೇ ಸಮ ಬೀಳುತ್ತಿತ್ತು.

ಕೂಗಿದರೆ ಉತ್ತರವಿಲ್ಲ. ನನ್ನವರು ಒದ್ದ ಮೇಲೆ ಪ್ಲಾಸ್ಟಿಕ್ ಬಾಗಿಲಿನ ಚಿಲಕ ಕಿತ್ತು ಬಂತು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಅರ್ಧ ತೆರೆದಿತ್ತು, ಗುರುತು ಹಿಡಿಯಲಿಲ್ಲ. ಬಿಪಿ ಇಳಿದಿರಬೇಕು ಎಂದುಕೊಂಡು ಹೊರಗೆ ತಂದು ಮಲಗಿಸಿದೆವು. ಕೊರೋನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿತ್ತಲ್ವಾ, ಬೆರಳಿಗೆ ಸಿಕ್ಕಿಸಿದೆ. 98 ತೋರಿಸಿತು. ಆಮ್ಲಜನಕ ಸರಿಯಾಗಿದೆ ಎಂದು ನಾನು ನಿಟ್ಟುಸಿರು ಬಿಟ್ಟೆ. ಇವತ್ತಿಗೂ ಆ 98 ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ "ಎಲ್ಲಿ ಬಿದ್ದರು? ಗ್ಯಾಸ್ ಗೀಸರ್ ಇದೆಯಾ?" ತಕ್ಷಣ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು, ರಕ್ತ ಪರೀಕ್ಷೆಗೆ ಕಳಿಸಿದರು. ಕಾರ್ಬನ್ ಮೊನಾಕ್ಸೈಡ್. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮನೆಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ 98. "ಗ್ಯಾಸ್ ವಾಸನೆ ಬರಲೇ ಇಲ್ಲವಲ್ಲ" ಎಂದೆ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬರಲೆಂದೇ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಆದರೆ ನಮ್ಮಲ್ಲಿ ಗ್ಯಾಸ್ ಸೋರಿರಲಿಲ್ಲ, ಉರಿದಿತ್ತು. ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆಮೇಲೆ ಮಗ ಕಾಗದ ಹಿಡಿದು ಲೆಕ್ಕ ಹಾಕಿದ. ನಮ್ಮ ಬಚ್ಚಲು ಐದಡಿ, ಆರಡಿ, ಎತ್ತರ ಎಂಟಡಿ. ನಿಮಿಷಕ್ಕೆ ಆರು ಲೀಟರ್ ಕಾಯಿಸುವ ಗೀಸರ್ ಇಪ್ಪತ್ತು ನಿಮಿಷ ಉರಿದರೆ ಆ ಕೋಣೆಯ ಅರ್ಧಕ್ಕಿಂತ ಹೆಚ್ಚು ಗಾಳಿ ಅದಕ್ಕೇ ಬೇಕು. ಇನ್ನು ಆ ಇಪ್ಪತ್ತು ನಿಮಿಷದ ಟೈಮರ್ ಕಥೆ: ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಎಣಿಕೆ ಮೊದಲಿನಿಂದ ಶುರು. ಮೂರು ಜನ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋದರೆ ಅದು ಯಾರನ್ನು ಕಾಯುತ್ತದೆ?

ಅತ್ತೆ ಎರಡು ದಿನಕ್ಕೆ ಮನೆಗೆ ಬಂದರು. ಮರೆವು ಮಾತ್ರ ಸ್ವಲ್ಪ ಹೆಚ್ಚಾಗಿದೆ. ಅದು ವಯಸ್ಸಿನದೋ ಬಚ್ಚಲಿನದೋ, ನಾನು ಕೇಳಲು ಹೋಗಿಲ್ಲ.

ಈಗ ಗೋಡೆ ಒಡೆಸಿ ಮೀಟರಿನಿಂದ ಬೇರೆ ಲೈನು ಎಳೆಸಿದ್ದೇವೆ. 4 ಚದರ ಮಿಲಿಮೀಟರಿನ ತಾಮ್ರದ ವೈರು, ಅರ್ಥಿಂಗ್, ಗೀಸರಿಗೇ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಜತೆಗೆ ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಎರಡು ಕಿಲೋವಾಟಿನ 25 ಲೀಟರ್ ಗೀಸರ್, ಈ ಚಳಿಯಲ್ಲಿ ಚೆನ್ನಾಗಿ ಬಿಸಿಯಾಗಲು ಮುಕ್ಕಾಲು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಕಾಯುತ್ತೇವೆ. ಗ್ಯಾಸ್ ಗೀಸರೇ ಬೇಕು ಎನ್ನುವವರು ಅದನ್ನು ಪೂರ್ತಿ ತೆರೆದ ಡ್ರೈ ಬಾಲ್ಕನಿಯಲ್ಲಿ (ಬಟ್ಟೆ ಒಗೆದು ಒಣಹಾಕುವ ಬಾಲ್ಕನಿ) ಹಾಕಿಸಿ, ಬಿಸಿ ನೀರಿನ ಪೈಪು ಮಾತ್ರ ಒಳಗೆ ತನ್ನಿ. ಆ ಬಾಲ್ಕನಿಗೆ ಮುಂದೆ ಗಾಜು ಹಾಕಿಸುವ ಆಸೆಯಿದ್ದರೆ ಅದನ್ನೂ ಈಗಲೇ ಯೋಚಿಸಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬೇಡಿ. ಚಳಿಯಲ್ಲಿ ಅದನ್ನು ಯಾರು ಹಾಕುತ್ತಾರೆ, ನೀವೇ ಹೇಳಿ.

ಜಾಳಿಯ ಶೀಟು ಕಿತ್ತುಹಾಕಿದೆ. ಪಾರಿವಾಳಕ್ಕೆ ಬಲೆ ಕಟ್ಟಿದ್ದೇವೆ.

ಆ ಗ್ಯಾಸ್ ಗೀಸರನ್ನು ಮಾರೋಣ ಎಂದು ಪರಿಚಯದವರಿಗೆ ಹೇಳಿದ್ದೆ. ಒಬ್ಬರು ಬಂದರು, ಅರ್ಧ ಬೆಲೆಗೆ ಒಪ್ಪಿದರು, ಕಟ್ಟಿಕೊಡಿ ಎಂದರು. ದಾರ ಹುಡುಕುತ್ತಾ ಎಲ್ಲಿ ಹಾಕಿಸುತ್ತೀರಿ ಎಂದು ಕೇಳಿದೆ. "ಇನ್ನೆಲ್ಲಿ, ಬಾತ್‌ರೂಮಿನಲ್ಲೇ" ಎಂದರು. ಈಗ ಅದು ನಮ್ಮ ಅಟ್ಟದ ಮೇಲಿದೆ.