ಗದ್ದೆಗೆ ಹೊತ್ತೊಯ್ಯುವ ಮೀಥೇನ್ ವಿಶ್ಲೇಷಕ: ನಾಲ್ಕು ವರ್ಷಗಳ ಬಳಕೆಯ ಅನುಭವ

ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಭತ್ತದ ಗದ್ದೆಗಳಿಂದ ಹೊರಬರುವ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅಳೆಯಲು ನಾವು ನಾಲ್ಕು ವರ್ಷಗಳಿಂದ ಒಂದು ಲೇಸರ್ ಅನಿಲ ವಿಶ್ಲೇಷಕವನ್ನು ಬಳಸುತ್ತಿದ್ದೇವೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಬಗೆಯ ಎಲ್ಲ ಉಪಕರಣಗಳಿಗೂ ಸಲ್ಲುತ್ತದೆ.

ಇದಕ್ಕೆ ಮೊದಲು ಪೈರಿನ ಮೇಲೆ ಚೇಂಬರ್ (ಹೊರಬರುವ ಅನಿಲವನ್ನು ಹಿಡಿದಿಡುವ ಪೆಟ್ಟಿಗೆ) ಮುಚ್ಚಿ, ಹತ್ತು ನಿಮಿಷಕ್ಕೊಮ್ಮೆ ಸಿರಿಂಜಿನಲ್ಲಿ ಗಾಳಿ ಎಳೆದು, ನಾಲ್ಕು ಗಾಜಿನ ಸೀಸೆಗಳಿಗೆ ತುಂಬಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗಾಗಿ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆವು. ಒಂದು ಸೀಸೆ ಸೋರಿದರೆ ಆ ಅಳತೆಯೇ ಹಾಳು. ಫಲಿತಾಂಶ ಕೈಸೇರುವಷ್ಟರಲ್ಲಿ ರೈತರು ಗದ್ದೆಯ ನೀರು ಬಸಿದಿರುತ್ತಿದ್ದರು.

ಈ ವಿಶ್ಲೇಷಕ ಪ್ರತಿ ಸೆಕೆಂಡಿಗೆ ಒಂದು ಅಳತೆ ಕೊಡುತ್ತದೆ. ಒಳಗಿನ ಪುಟ್ಟ ಕೋಶದ ಕನ್ನಡಿಗಳ ನಡುವೆ ಲೇಸರ್ ಬೆಳಕು ಸಾವಿರಾರು ಬಾರಿ ಓಡಾಡಿ ಕಿಲೋಮೀಟರುಗಟ್ಟಲೆ ದಾರಿ ಕ್ರಮಿಸುವುದರಿಂದ, ವಾತಾವರಣದಲ್ಲಿ ಸುಮಾರು 1.9 ಪಿಪಿಎಂ (ಹತ್ತು ಲಕ್ಷದಲ್ಲಿ 1.9 ಪಾಲು) ಮಾತ್ರ ಇರುವ ಮೀಥೇನಿನಲ್ಲಿ ಕೆಲವೇ ಪಿಪಿಬಿಗಳ (ನೂರು ಕೋಟಿಯಲ್ಲಿ ಕೆಲವೇ ಪಾಲುಗಳ) ಏರಿಕೆಯೂ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ತಿಳಿದದ್ದು ಮೊದಲ ವಾರದಲ್ಲೇ. ಚೇಂಬರಿನ ಪಕ್ಕ ಯಾರಾದರೂ ಕಾಲಿಟ್ಟರೆ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಗುಳ್ಳೆಗಳು ಒಡೆದು ಮೀಥೇನ್ ಒಮ್ಮೆಲೇ ಮೇಲೇಳುತ್ತದೆ. ಸೆಕೆಂಡುಗಳ ದಾಖಲೆಯಲ್ಲಿ ಅದು ಮೆಟ್ಟಿಲಿನಂತೆ ಎದ್ದು ಕಾಣುತ್ತದೆ. ನಾಲ್ಕು ಸೀಸೆಗಳ ಕಾಲದಲ್ಲಿ ಅದೇ ಗುಳ್ಳೆ ನಾಲ್ಕು ಅಳತೆಗಳ ಮೇಲೆ ಎಳೆದ ಸರಳರೇಖೆಯೊಳಗೆ ಸದ್ದಿಲ್ಲದೆ ಸೇರಿಕೊಂಡು, ಗದ್ದೆಯ ಸಹಜ ಹೊರಸೂಸುವಿಕೆ ಎನಿಸಿಕೊಳ್ಳುತ್ತಿತ್ತು. ಹಳೆಯ ಅಂಕಿಗಳಲ್ಲಿ ಎಷ್ಟು ಪಾಲು ಗದ್ದೆಯದು, ಎಷ್ಟು ಪಾಲು ನಮ್ಮ ಪಾದಗಳದು ಎಂಬುದನ್ನು ಈಗ ಬಿಡಿಸಲಾಗದು. ಅಂದಿನಿಂದ ಬದುವಿನಿಂದ ಚೇಂಬರಿನವರೆಗೆ ಹಲಗೆ ಹಾಸಿಯೇ ನಡೆಯುತ್ತೇವೆ. ನೀರು ಬಸಿದು ಮಣ್ಣು ಆರುವಾಗ, ಅದರಲ್ಲಿ ಹಿಡಿದಿಟ್ಟಿದ್ದ ಮೀಥೇನ್ ಕೆಲಕಾಲ ಹೆಚ್ಚಾಗಿ ಹೊರಬೀಳುವುದನ್ನೂ ನಾವು ಸರಿಯಾಗಿ ಹಿಡಿದದ್ದು ಇದರಿಂದಲೇ.

ದೂರುಗಳಲ್ಲಿ ಮೊದಲನೆಯದು ನೀರು. ಎರಡನೆಯ ಮುಂಗಾರಿನಲ್ಲಿ ಕೊಳವೆಯ ತುದಿ ಗದ್ದೆಗೆ ಜಾರಿ, ಪಂಪು ನೀರನ್ನೇ ಎಳೆದುಕೊಂಡು ಕನ್ನಡಿಗಳು ಕೆಟ್ಟವು. ತಪ್ಪು ನಮ್ಮದೇ. ಆದರೆ ಇಲ್ಲಿ ರಿಪೇರಿಯ ವ್ಯವಸ್ಥೆ ಇಲ್ಲದೆ ಉಪಕರಣವನ್ನು ವಿದೇಶಕ್ಕೆ ಕಳಿಸಬೇಕಾಯಿತು. ಅದು ಮರಳುವಷ್ಟರಲ್ಲಿ ಕೊಯ್ಲು ಮುಗಿದಿತ್ತು. ಈಗ ಕೊಳವೆಯ ನಡುವೆ ನೀರು ತಡೆಯುವ ಬಾಟಲಿ ಮತ್ತು ಫಿಲ್ಟರ್ ಇಲ್ಲದೆ ಪಂಪು ಚಾಲೂ ಮಾಡುವುದಿಲ್ಲ.

ಎರಡನೆಯದು ನೀರಿನ ಆವಿ. ಬಿಸಿಲಿನಲ್ಲಿ ಮುಚ್ಚಿದ ಚೇಂಬರಿನೊಳಗೆ ಆವಿ ಹೆಚ್ಚಿದಂತೆ ಉಳಿದ ಅನಿಲಗಳು ತೆಳುವಾದಂತೆ ತೋರುತ್ತವೆ. ಆವಿ ಶೇಕಡಾ 3ರಷ್ಟಿದ್ದರೆ 420 ಪಿಪಿಎಂ ಇಂಗಾಲದ ಡೈಆಕ್ಸೈಡ್ ಸುಮಾರು 13 ಪಿಪಿಎಂ ಕಡಿಮೆ ಕಾಣುತ್ತದೆ. ಉಪಕರಣವೇ ಇದನ್ನು ಸರಿಪಡಿಸಿ ಒಣಗಾಳಿಯ ಅಂಕಿಯನ್ನೂ ಕೊಡುತ್ತದಾದರೂ ಕಡತದಲ್ಲಿ ಎರಡೂ ಕಂಬಸಾಲುಗಳು ಅಕ್ಕಪಕ್ಕದಲ್ಲೇ ಇವೆ. ನಾವು ಒಂದು ತಿಂಗಳು ತಪ್ಪು ಕಂಬಸಾಲನ್ನೇ ಬಳಸಿದ್ದೆವು. ಅದಕ್ಕಿಂತ ಹೆಚ್ಚು ದತ್ತಾಂಶ ಹಾಳಾದದ್ದು ಉಪಕರಣದ ಗಡಿಯಾರಕ್ಕೂ, ಚೇಂಬರ್ ಮುಚ್ಚಿದ ಹೊತ್ತು ಬರೆದುಕೊಳ್ಳಲು ನೋಡುತ್ತಿದ್ದ ನಮ್ಮ ಕೈಗಡಿಯಾರಕ್ಕೂ ಇದ್ದ ಎರಡು ನಿಮಿಷಗಳ ಅಂತರದಿಂದ ಎಂದರೆ ನಗಬೇಡಿ.

ಪದೇಪದೇ ಕ್ಯಾಲಿಬ್ರೇಷನ್ (ಗೊತ್ತಿರುವ ಅನಿಲದೊಂದಿಗೆ ಅಳತೆಯನ್ನು ತಾಳೆ ನೋಡುವುದು) ಬೇಡ ಎಂಬ ಮಾರಾಟಗಾರರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಚೇಂಬರಿನಲ್ಲಿ ನಮಗೆ ಬೇಕಾದದ್ದು ಏರಿಕೆಯ ವೇಗವಾದ್ದರಿಂದ, ಎಲ್ಲ ಅಂಕಿಗಳೂ ಒಂದೇ ಮೊತ್ತದಷ್ಟು ಮೇಲೆ ಅಥವಾ ಕೆಳಗೆ ಸರಿದಿದ್ದರೆ ತೊಂದರೆಯಿಲ್ಲ; ಆದರೆ ಅಳತೆಯ ಅನುಪಾತವೇ ತಪ್ಪಿದ್ದರೆ ಲೆಕ್ಕವೂ ಅಷ್ಟೇ ತಪ್ಪುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಆರಂಭಿಸಿದ ವಾತಾವರಣದ ಇಂಗಾಲದ ಡೈಆಕ್ಸೈಡ್ ದಾಖಲೆಯು, ಉಪಕರಣಗಳು ಬದಲಾದರೂ ಇಂದಿಗೂ ನಂಬಿಕೆಗೆ ಅರ್ಹವಾಗಿರುವುದು ಪ್ರಮಾಣ ಖಚಿತವಾಗಿ ಗೊತ್ತಿರುವ ಮಾನದಂಡ ಅನಿಲದ ಸಿಲಿಂಡರುಗಳೊಂದಿಗೆ ಸತತವಾಗಿ ತಾಳೆ ನೋಡುತ್ತ ಬಂದದ್ದರಿಂದ. ಆದ್ದರಿಂದ ಕೊಳ್ಳುವಾಗಲೇ ಎರಡು ಪ್ರಮಾಣಿತ ಸಿಲಿಂಡರುಗಳಿಗೂ ಹಣ ತೆಗೆದಿಡಿ.

ಹಳೆಯ ಸೀಸೆಗಳನ್ನು ನಾವು ಎಸೆದಿಲ್ಲ. ನೀರು ಬಸಿದ ಗದ್ದೆಯಲ್ಲಿ ಮೀಥೇನ್ ಇಳಿದರೂ ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಏರಬಹುದು. ನಮ್ಮ ವಿಶ್ಲೇಷಕಕ್ಕೆ ಆ ಅನಿಲ ಕಾಣುವುದೇ ಇಲ್ಲ. ಹಾಗಾಗಿ ಈ ಹಂಗಾಮಿನಲ್ಲೂ ವಾರಕ್ಕೊಮ್ಮೆ ಅದೇ ಚೇಂಬರಿನಿಂದ ನಾಲ್ಕು ಸೀಸೆ ತುಂಬಿ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೇವೆ.